ಸಾಂಬಾರು ತುಳುಕದ ಕಾರು

ನಮ್ಮ ಅನು ನಿನ್ನೆ ಸಂಜೆ ಹೌಜ್ ಖಾಸಿನ ಆಫೀಸಿನಿಂದ ಇಂದಿರಾಪುರಂನ ನಮ್ಮ ಮನೆಯವರೆಗೆ ಒಬ್ಬಳೇ ಕಾರು ಬಿಟ್ಟುಕೊಂಡು ಬಂದಳು. ಒಬ್ಬಳೇ! ಪಕ್ಕದಲ್ಲಿ ಅಪ್ಪ ಇಲ್ಲ, ಕಲಿಸುವ ಮಾಸ್ತರಿಲ್ಲ, ಹಿಂದಿನ ಸೀಟಿನಲ್ಲಿ ಪಾತ್ರೆ ಅವುಚಿಕೊಂಡು ಕೂತ ನಾನೂ ಇಲ್ಲ. ಮೊದಲು ಈ ಸುದ್ದಿ ಹೇಳಿಬಿಡಬೇಕು, ಉಳಿದದ್ದೆಲ್ಲ ಆಮೇಲೆ. ಹಾಗೆ ನೋಡಿದರೆ ಇದನ್ನು ನಾನು ಈಗಾಗಲೇ ಗೇಟಿನ ಕಾವಲುಗಾರನಿಗೆ, ತರಕಾರಿ ಗಾಡಿಯ ಭಯ್ಯಾನಿಗೆ, ಲಿಫ್ಟಿನಲ್ಲಿ ಸಿಕ್ಕಿದ ಒಂಬತ್ತನೇ ಮಹಡಿಯ ಪಂಜಾಬಿ ಹೆಂಗಸಿಗೆ ಹೇಳಿಯಾಗಿದೆ. ಬೆಳಿಗ್ಗೆ ಯಾರೋ ಫೋನ್ ಮಾಡಿ ‘ಗ್ಯಾಸ್ ಏಜೆನ್ಸಿಯಾ?’ ಎಂದು ಕೇಳಿದರು. ಅಲ್ಲ, ಆದರೆ ನನ್ನ ಮೊಮ್ಮಗಳು ನಿನ್ನೆ ಕಾರು ಬಿಟ್ಟಳು ಎಂದೆ. ಆ ಪುಣ್ಯಾತ್ಮ ‘ಮುಬಾರಕ್ ಹೋ ಅಂಕಲ್‌ಜೀ’ ಎಂದು ಫೋನ್ ಇಟ್ಟ. ರಾಂಗ್ ನಂಬರಿನವರೂ ಒಳ್ಳೆಯವರಾಗಿರುವ ಊರು ಇದು. ನನಗೆ ಇವತ್ತು ಎಲ್ಲರೂ ಒಳ್ಳೆಯವರಾಗಿಯೇ ಕಾಣುತ್ತಿದ್ದಾರೆ.

ಅನು ನನ್ನ ಮಗ ಸುರೇಶನ ಮಗಳು. ಇಪ್ಪತ್ನಾಲ್ಕು ವರ್ಷ. ನಾನು ದಿಲ್ಲಿಯ ಒಂದು ಉಡುಪಿ ಹೋಟೆಲಿನ ಒಲೆಯ ಮುಂದೆ ನಲವತ್ತು ವರ್ಷ ನಿಂತವನು. ಓದಿದ್ದು ನಾಲ್ಕನೇ ಕ್ಲಾಸು, ಅದೂ ಕುಂದಾಪುರದ ಹತ್ತಿರದ ಶಾಲೆಯಲ್ಲಿ, ಮಾಸ್ತರರ ದಾಕ್ಷಿಣ್ಯದಿಂದ. ಹೋಟೆಲಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಇಂದಿನ ವಿಶೇಷ’ ಎಂದು ಬರೆಯುತ್ತಿದ್ದದ್ದು ಬಿಟ್ಟರೆ ನಾನು ಹೆಚ್ಚು ಬರೆದವನಲ್ಲ. ಇದನ್ನೂ ಹಾಗೆಯೇ ಓದಿಕೊಳ್ಳಿ. ಇಂದಿನ ವಿಶೇಷ, ಅನು.

ಅನುವಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ಎಡಗಾಲು ಪೋಲಿಯೋಗೆ ಹೋಯಿತು. ಕಾಲಿಗೆ ಕಬ್ಬಿಣದ ಪಟ್ಟಿಯ ಬೂಟು, ಕೈಯಲ್ಲಿ ಒಂದು ಕೋಲು. ಇಷ್ಟು ಹೇಳಿದ್ದಕ್ಕೇ ಓದುವವರು ಯಾರಾದರೂ ‘ಅಯ್ಯೋ ಪಾಪ’ ಎಂದರೆ ಅವಳ ಕೈಯಲ್ಲಿ ನಾನು ಬೈಸಿಕೊಳ್ಳಬೇಕಾಗುತ್ತದೆ. ಹಿಂದೊಮ್ಮೆ ಮದುವೆಮನೆಯಲ್ಲಿ ಯಾರೋ ಹಾಗೆಂದಾಗ, ‘ಆಂಟಿ, ಸೋಫಾ ಮೇಲೆ ನನ್ನ ಕೋಲಿಗೆ ಜಾಗ ಕೊಡಿ, ಅದಕ್ಕೆ ಸುಸ್ತಾಗಿದೆ’ ಎಂದು ಅವರನ್ನೇ ಎಬ್ಬಿಸಿ ತಾನು ಕೂತವಳು ಅವಳು. ಚೆನ್ನಾಗಿ ಓದಿದಳು. ಹೌಜ್ ಖಾಸಿನಲ್ಲಿ ಕಂಪ್ಯೂಟರಿನ ಮೇಲೆ ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಕೆಲಸ ಕಷ್ಟವಲ್ಲ, ಕೆಲಸಕ್ಕೆ ಹೋಗುವುದು ಕಷ್ಟ. ದಿಲ್ಲಿಯ ಆಟೋದವರಿಗೆ ಗಡಿ ದಾಟಿ ಉತ್ತರಪ್ರದೇಶದಲ್ಲಿರುವ ನಮ್ಮ ಇಂದಿರಾಪುರಂ ಎಂದರೆ ಸಮುದ್ರದಾಚೆ. ‘ಯುಪಿ ನಹೀಂ ಜಾಯೇಂಗೇ’ ಎಂದು ಬಾರ್ಡರಿನಲ್ಲೇ ಇಳಿಸಿಬಿಡುತ್ತಾರೆ. ಅಲ್ಲಿಂದ ಇನ್ನೊಂದು ಆಟೋ, ಅದರಲ್ಲಿ ಆಗಲೇ ಆರು ಜನ. ಸುರೇಶ ತನ್ನ ಕಾರಿನಲ್ಲಿ ಒಂದು ತಿಂಗಳು ಕರೆದುಕೊಂಡು ಹೋಗಿ ಬಂದ. ಅವನ ಆಫೀಸು ಇರುವುದು ನೋಯ್ಡಾದಲ್ಲಿ. ಪೂರ್ವಕ್ಕೆ ಹೋಗಬೇಕಾದವನು ಪಶ್ಚಿಮಕ್ಕೆ ಹೋಗಿ ಪೂರ್ವಕ್ಕೆ ಬಂದು ಪ್ರತಿದಿನವೂ ತಡವಾಗಿ ತಲುಪುತ್ತಿದ್ದ.

ಒಂದು ಸಂಜೆ ಅನು ಚಪಾತಿ ಹರಿಯುತ್ತಾ, ‘ಪಾಪಾ, ಮುನಿರ್ಕಾದಲ್ಲಿ ನನ್ನ ಫ್ರೆಂಡ್ ರೂಮಲ್ಲಿ ಒಂದು ಬೆಡ್ ಖಾಲಿ ಇದೆ. ಆಫೀಸ್ ಪಾಸ್ ಮೇ ಹೈ. ನಾನು ಅಲ್ಲಿ ಶಿಫ್ಟ್ ಆಗ್ತೀನಿ. ಸಂಡೇ ಸಂಡೇ ಬರ್ತೀನಿ’ ಎಂದಳು.

‘ಎಷ್ಟನೇ ಮಹಡಿ?’ ಎಂದು ಕೇಳಿದಳು ನನ್ನ ಹೆಂಡತಿ ಜಲಜಾ. ಅವಳು ಕಡಿಮೆ ಮಾತಿನವಳು, ಆದರೆ ಅಡಿಗೆಯವರ ಕತ್ತಿಯ ಹಾಗೆ ನೇರ.

‘ಥರ್ಡ್.’

‘ಲಿಫ್ಟ್?’

ಅನು ಪಲ್ಯದ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

ಇಲ್ಲಿ ನಾನೊಂದು ಸತ್ಯ ಒಪ್ಪಿಕೊಳ್ಳಬೇಕು. ಅವಳು ಮೂರು ಮಹಡಿ ಹತ್ತಬೇಕಲ್ಲ ಎಂದು ನನ್ನ ಹೊಟ್ಟೆ ಚುರುಕ್ಕೆಂದಿತು ಎಂದು ಬರೆದರೆ ಚಂದ. ಆದರೆ ಮೊದಲು ನೆನಪಾದದ್ದು ನನ್ನ ರಾತ್ರಿಯೂಟ. ಹೋಟೆಲಿನಲ್ಲಿ ಅಡಿಗೆಯವನು ಉಣ್ಣುವುದು ಎಲ್ಲರದ್ದೂ ಆದ ಮೇಲೆ. ಮಧ್ಯಾಹ್ನದ್ದು ನಾಲ್ಕು ಗಂಟೆಗೆ, ನಿಂತುಕೊಂಡು, ಸೌಟಿನಲ್ಲಿ ಉಳಿದದ್ದು. ರಾತ್ರಿಯದ್ದು ಹನ್ನೊಂದರ ಮೇಲೆ. ಊರಿಗೆಲ್ಲ ಬಡಿಸಿದ ನಾನು ನನ್ನ ಮಗ ಸುರೇಶ ಊಟ ಮಾಡುವುದನ್ನು ನೋಡಿದ್ದೇ ಕಡಿಮೆ. ಅವನಿಗೆ ಹಾಗಲಕಾಯಿ ಆಗುವುದಿಲ್ಲ ಎಂಬುದು ಅವನ ಮದುವೆಯಾದ ಮೇಲೆ ಸೊಸೆ ಶೈಲಾ ಹೇಳಿ ನನಗೆ ಗೊತ್ತಾದದ್ದು! ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಮೊದಲ ಸಲ ಮೇಜಿಗೆ ಎಲ್ಲರ ಜೊತೆ ಕೂತೆ. ನನ್ನ ಬಲಗಡೆಯ ಕುರ್ಚಿ ಅನುವಿನದು. ಅವಳು ಆಫೀಸಿನ ಕತೆ ಹೇಳುತ್ತಾ ನನ್ನ ತಟ್ಟೆಯಿಂದ ಹಪ್ಪಳ ಕದಿಯುತ್ತಾಳೆ. ನಾನು ಕಾಣದವನ ಹಾಗೆ ಇರುತ್ತೇನೆ. ನಲವತ್ತು ವರ್ಷ ಕಾದು ಸಿಕ್ಕಿದ ಊಟ ಇದು. ಅದನ್ನು ಮುನಿರ್ಕಾದ ಮೂರನೇ ಮಹಡಿಗೆ ಬಿಟ್ಟುಕೊಡುವುದೆಂದರೆ ನನ್ನಿಂದಾಗದ ಮಾತು.

ಆಗ ಶೈಲಾ, ‘ಅವಳೇ ಕಾರು ಕಲಿತರೆ?’ ಎಂದಳು. ಸುರೇಶ ತಲೆಯಾಡಿಸಿ, ‘ಕ್ಲಚ್ ತುಳಿಯುವುದು ಎಡಗಾಲಲ್ಲಿ’ ಎಂದ. ಮರುದಿನ ಅವನೇ ಆಫೀಸಿನಲ್ಲಿ ಯಾರನ್ನೋ ಕೇಳಿಕೊಂಡು ಬಂದು, ‘ಅಪ್ಪಯ್ಯ, ಆಟೋಮ್ಯಾಟಿಕ್ ಅಂತ ಬರ್ತದೆ. ಕ್ಲಚ್ಚೇ ಇಲ್ಲ. ಬಲಗಾಲು ಒಂದೇ ಸಾಕು. ಆದರೆ ಸಣ್ಣ ಕಾರಲ್ಲಿ ಸಿಗೋದು ಕಡಿಮೆ, ರೇಟೂ ಸ್ವಲ್ಪ ಜಾಸ್ತಿ’ ಎಂದ.

ನನಗೆ ಎರಡು ವಿಷಯ ಅರ್ಥವಾಗಲಿಲ್ಲ. ಆಟೋಮ್ಯಾಟಿಕ್ ಎಂದರೆ ತಾನೇ ಹೋಗುವುದು. ತಾನೇ ಹೋಗುವ ಕಾರಿಗೆ ಅನು ಡ್ರೈವಿಂಗ್ ಕಲಿಯುವುದು ಯಾಕೆ? ಸುಮ್ಮನೆ ಹಿಂದೆ ಕೂತು ‘ಹೌಜ್ ಖಾಸ್’ ಎಂದರೆ ಸಾಕಲ್ಲ? ಎರಡನೆಯದು, ಕ್ಲಚ್ ಇಲ್ಲದ ಕಾರಿಗೆ ಕ್ಲಚ್ ಇರುವುದಕ್ಕಿಂತ ಹೆಚ್ಚು ದುಡ್ಡು ಯಾಕೆ? ನಾವು ಈರುಳ್ಳಿ ಹಾಕದ ದೋಸೆಯನ್ನು ಈರುಳ್ಳಿ ದೋಸೆಗಿಂತ ಹೆಚ್ಚಿಗೆ ಮಾರಿದ್ದರೆ ಗಿರಾಕಿಗಳು ಕಾವಲಿಯನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಇದನ್ನು ಕೇಳಿ ಅನು ನಕ್ಕು ನಕ್ಕು, ‘ಅಜ್ಜಾ, ಆಪ್ ಭೀ ನಾ!’ ಎಂದಳು. ಆ ನಗು ಕೇಳಿ ನಾನು ತೀರ್ಮಾನ ಮಾಡಿದೆ, ಕಾರು ಆರಿಸುವಾಗ ನಾನೂ ಹೋಗಬೇಕು.

ಕಾರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂದು ಮನೆಯವರೆಲ್ಲ ಹೇಳಿದರು. ತಪ್ಪು. ನನಗೆ ಒಂದು ವಿಷಯ ಗೊತ್ತಿತ್ತು. ನಮ್ಮ ಹೋಟೆಲಿನಿಂದ ಮದುವೆಗಳಿಗೆ, ಆಫೀಸುಗಳಿಗೆ ಊಟ ಹೋಗುತ್ತಿತ್ತು. ಅದಕ್ಕೊಂದು ವ್ಯಾನು. ವ್ಯಾನಿಗೆ ಹೊಸ ಡ್ರೈವರ್ ಬಂದರೆ ನಮ್ಮ ಧಣಿಗಳು ಲೈಸೆನ್ಸ್ ಕೇಳುವ ಮೊದಲು ಒಂದು ಪಾತ್ರೆಯ ಕಂಠದವರೆಗೆ ಸಾಂಬಾರು ತುಂಬಿಸಿ, ಮುಚ್ಚಳ ಹಾಕದೆ, ನನ್ನ ತೊಡೆಯ ಮೇಲೆ ಇಡಿಸಿ, ‘ಒಂದು ಸುತ್ತು ಹೋಗಿ ಬಾ’ ಎನ್ನುತ್ತಿದ್ದರು. ವಾಪಸು ಬಂದಾಗ ನನ್ನ ಪಂಚೆ ನೋಡಿ ಕೆಲಸ ಕೊಡುವುದೋ ಬಿಡುವುದೋ ತೀರ್ಮಾನ. ಎಷ್ಟೋ ಡ್ರೈವರುಗಳನ್ನು ನನ್ನ ತೊಡೆಯ ಗುಳ್ಳೆಗಳು ಫೇಲು ಮಾಡಿವೆ. ಹಾಗೆ ಪಾಸಾದ ಒಬ್ಬ ಹದಿನೆಂಟು ವರ್ಷ ನಮ್ಮಲ್ಲಿದ್ದ. ಒಂದು ದಿನವೂ ಸಾಂಬಾರು ಕಡಿಮೆ ಬಿದ್ದದ್ದಿಲ್ಲ.

ಆದ್ದರಿಂದ ಮೊದಲ ಶೋರೂಮಿಗೆ ಹೊರಟ ದಿನ ನಾನು ಬೆಳಿಗ್ಗೆ ಐದಕ್ಕೆದ್ದು ಬೇಳೆ ಬೇಯಿಸಿ, ಸಾಂಬಾರು ಮಾಡಿ, ಹಿಡಿಯಿರುವ ಸ್ಟೀಲಿನ ಪಾತ್ರೆಯಲ್ಲಿ ತುಂಬಿಕೊಂಡು ಹೊರಟೆ. ಹಳೆಯ ಅನುಭವದಿಂದ ತಣಿಸಿಕೊಂಡಿದ್ದೆ. ಜಲಜಾ ಬಾಗಿಲಲ್ಲಿ ನಿಂತು ನೋಡಿದಳು. ‘ಎಂತ ಮಾರಾಯ್ರೆ ಇದು? ನನ್ನನ್ನು ನೋಡಲಿಕ್ಕೆ ಬಂದಾಗ ಇದನ್ನು ಹಿಡಿದುಕೊಂಡು ಬರಲಿಲ್ಲ, ನನ್ನ ಪುಣ್ಯ.’

‘ಆಗ ನನಗೆ ಈ ಉಪಾಯ ಗೊತ್ತಿರಲಿಲ್ಲ’ ಎಂದೆ.

‘ಗೊತ್ತಿದ್ದಿದ್ದರೆ ನಾನೇ ನಿಮ್ಮನ್ನು ಫೇಲು ಮಾಡ್ತಿದ್ದೆ’ ಎಂದು ಒಳಗೆ ಹೋದಳು.

ಮೊದಲ ಶೋರೂಮಿನ ಟೈ ಕಟ್ಟಿದ ಮನುಷ್ಯ ಆಟೋಮ್ಯಾಟಿಕ್ ಎಂದ ಕೂಡಲೇ ಮುಖ ಹುಳಿ ಮಾಡಿದ. ‘ಅಂಕಲ್‌ಜೀ, ಆಟೋಮ್ಯಾಟಿಕ್ ಕೌನ್ ಲೇತಾ ಹೈ? ಪೆಟ್ರೋಲ್ ಕುಡಿಯುತ್ತದೆ, ಮಾರಲು ಹೋದರೆ ಯಾರೂ ಮುಟ್ಟುವುದಿಲ್ಲ’ ಎಂದು, ಬೇಡವೆಂದರೂ ಗೇರಿನ ಕಾರಿನಲ್ಲೇ ಕೂರಿಸಿ ತಾನೇ ಓಡಿಸಿದ. ಮಾತೆಲ್ಲ ಸುರೇಶನ ಜೊತೆ. ಅನುವಿನ ಕಡೆ ನೋಡಿದ್ದು ಒಂದೇ ಸಲ, ಅದೂ ಕೋಲನ್ನು. ಹಿಂದಿನ ಸೀಟಿನಲ್ಲಿ ನಾನು ಮುಚ್ಚಳ ತೆಗೆದು ಕೂತದ್ದು ಅವನಿಗೆ ಕಾಣಿಸಲಿಲ್ಲ. ಒಂದನೇ ಗೇರಿನಿಂದ ಎರಡಕ್ಕೆ ಬಂದಾಗ ಒಂದು ಸೌಟು ಪ್ಯಾಂಟಿನ ಮೇಲೆ ಬಿತ್ತು. ಸಿಗ್ನಲಿನಲ್ಲಿ ಇನ್ನೊಂದು. ವಾಪಸು ಬರುವಷ್ಟರಲ್ಲಿ ಒಂದು ನುಗ್ಗೆಕಾಯಿ ಹೊಸ ಸೀಟಿನ ಮೇಲೆ ಮಲಗಿತ್ತು, ಇಡೀ ಕಾರು ಇಂಗಿನ ವಾಸನೆಯಿಂದ ಘಮಘಮ ಎನ್ನುತ್ತಿತ್ತು. ‘ಯೇ ಕ್ಯಾ ಹೈ ಅಂಕಲ್‌ಜೀ!’ ಎಂದು ಅವನು ಕೂಗಿದ. ‘ನಿಮ್ಮ ಕಾರಿನ ಮಾರ್ಕ್ಸ್ ಕಾರ್ಡು’ ಎಂದೆ. ಸುರೇಶ ಕ್ಷಮೆ ಕೇಳಿದ, ಸೀಟು ಒರೆಸಿದ. ಮನೆಗೆ ಬರುವಾಗ ಅನು, ‘ಅಜ್ಜಾ, ಕಾರು ಬೇರೆ, ಡ್ರೈವರ್ ಬೇರೆ. ಅವನು ಕೆಟ್ಟದಾಗಿ ಓಡಿಸಿದರೆ ಕಾರಿನ ತಪ್ಪಾ? ನಿಮ್ಮ ಟೆಸ್ಟ್ ಸೈಂಟಿಫಿಕ್ ಅಲ್ಲ’ ಎಂದಳು. ಸರಿಯಾದ ಮಾತೇ. ಆದರೆ ಒಪ್ಪಿಕೊಳ್ಳುವ ವಯಸ್ಸು ನನ್ನದಲ್ಲ.

ಎರಡನೆಯ ಶೋರೂಮಿನಲ್ಲಿ ಆಟೋಮ್ಯಾಟಿಕ್ ಇತ್ತು. ನಮ್ಮ ಹಜಾರದಷ್ಟು ಉದ್ದದ ಕಾರು. ಸಾಂಬಾರು ಅದರೊಳಗೆ ನಿದ್ದೆ ಮಾಡಿತು. ನಾನು ‘ಇದೇ, ಇದೇ’ ಎಂದೆ. ಬೆಲೆ ಕೇಳಿದ ಸುರೇಶನ ಮುಖ ಚಿಕೋರಿ ಹೆಚ್ಚಾದ ಕಾಫಿಯ ಹಾಗೆ ಕಹಿಯಾಯಿತು. ಸಾಲದ್ದಕ್ಕೆ ನಮ್ಮ ಕಟ್ಟಡದ ಎರಡು ಕಂಬಗಳ ನಡುವೆ ಅದು ಹಿಡಿಸುವುದೂ ಇಲ್ಲ. ಅಷ್ಟರಲ್ಲಿ ಮುನಿರ್ಕಾದ ಗೆಳತಿಯ ಫೋನು ಬಂದಿತ್ತು. ತಿಂಗಳ ಕೊನೆಯವರೆಗೆ ಬೆಡ್ ಇಟ್ಟಿರುತ್ತೇನೆ, ಆಮೇಲೆ ಬೇರೆಯವರಿಗೆ ಎಂದಳಂತೆ. ಅನು ಒಂದು ಪೆಟ್ಟಿಗೆಯಲ್ಲಿ ಪುಸ್ತಕ ತುಂಬಲು ಶುರು ಮಾಡಿದಳು. ನಾನು ದಿನಾ ಅವಳಿಲ್ಲದಾಗ ಅದರಿಂದ ಎರಡೆರಡು ಪುಸ್ತಕ ತೆಗೆದು ವಾಪಸು ಕಪಾಟಿನಲ್ಲಿಡುತ್ತಿದ್ದೆ. ಒಂದು ದಿನ ಅವಳು, ‘ಅಜ್ಜಾ, ಈ ಬಾಕ್ಸ್ ತುಂಬೋದೇ ಇಲ್ಲ, ವಿಚಿತ್ರ ಅಲ್ವಾ?’ ಎಂದು ನನ್ನ ಮುಖವನ್ನೇ ನೋಡಿದಳು. ನಾನು ಹೌದು, ವಿಚಿತ್ರ ಎಂದೆ.

ಮೂರನೆಯ ಶೋರೂಮು ಯಮುನೆಯ ಆಚೆ. ಅಲ್ಲಿದ್ದವರು ಬಿಳಿ ಗಡ್ಡದ ಒಬ್ಬ ಸರ್ದಾರ್ಜಿ. ನಾನು ಒಳಗೆ ಕಾಲಿಟ್ಟ ಕೂಡಲೇ ಮೂಗರಳಿಸಿ, ‘ಸಾಂಭರ್? ಘರ್ ಕಾ?’ ಎಂದರು. ನನಗೆ ಆಗಲೇ ಅರ್ಧ ಸಮಾಧಾನವಾಯಿತು. ಪಾತ್ರೆಯ ವಿಷಯ ಹೇಳಿದೆ. ಅವರು ನಗಲಿಲ್ಲ. ತಮ್ಮ ಅಪ್ಪ ಮೊಟ್ಟೆ ಲಾರಿ ಓಡಿಸುತ್ತಿದ್ದವರು, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ ಎಂದರು. ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ ಪುಟ್ಟ ಆಟೋಮ್ಯಾಟಿಕ್ ತೋರಿಸಿದರು. ಕೇಳುವವರೇ ಇಲ್ಲದ್ದರಿಂದ ಇದ್ದದ್ದು ಒಂದೇ, ಬಣ್ಣವೂ ಒಂದೇ, ಬದನೆಕಾಯಿಯ ನೇರಳೆ. ಬೆಲೆ ಕೇಳಿ ಸುರೇಶ ಉಸಿರು ಬಿಟ್ಟ ರೀತಿಯಲ್ಲೇ ಇದು ನಮ್ಮ ಕೈಗೆ ಎಟುಕುತ್ತದೆ ಎಂದು ನನಗೆ ತಿಳಿಯಿತು.

ನಾನು ಪಾತ್ರೆ ಹಿಡಿದು ಹಿಂದಿನ ಬಾಗಿಲು ತೆಗೆಯಹೋದೆ. ಸರ್ದಾರ್ಜಿ, ‘ಏಕ್ ಮಿನಿಟ್ ಬಾವೂಜೀ’ ಎಂದು ನನ್ನನ್ನು ನಿಲ್ಲಿಸಿ, ನೇರ ಅನುವಿನ ಹತ್ತಿರ ಹೋದರು. ‘ಬೇಟಾ, ಗಾಡಿ ಕಿಸಕೀ ಹೈ? ತುಮ್ಹಾರೀ ನಾ? ತೋ ತುಮ್ ಬೈಠೋ.’ ಎರಡು ಶೋರೂಮು ಸುತ್ತಿದೆವಲ್ಲ, ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರು ಎಂದವರು ಯಾರೂ ಇರಲಿಲ್ಲ. ನಾನೂ ಹೇಳಿರಲಿಲ್ಲ. ನನಗೆ ನನ್ನ ಪಾತ್ರೆಯ ಚಿಂತೆ. ಅನು ಕೋಲನ್ನು ಅಪ್ಪನ ಕೈಗೆ ಕೊಟ್ಟು ಕೂತಳು. ಎಡಗಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು, ಅದಕ್ಕೆ ಅಲ್ಲಿ ಏನೂ ಕೆಲಸವಿರಲಿಲ್ಲ, ಕಾಲು ಚಾಚಿಕೊಂಡು ವಿಶ್ರಾಂತಿ ತೆಗೆದುಕೊಂಡಿತು. ಬಲಗಾಲು ಒಂದು ಸಲ ಬ್ರೇಕು, ಒಂದು ಸಲ ಪೆಟ್ರೋಲು. ಕಾರು ನಿಂತೇ ಇತ್ತು. ಆದರೆ ಅವಳ ಮುಖ ನೋಡಿದರೆ ಆಗಲೇ ಮನೆದಾರಿಯ ನಿಜಾಮುದ್ದೀನ್ ಸೇತುವೆ ದಾಟಿದ ಹಾಗಿತ್ತು. ‘ಅಜ್ಜಾ,’ ಎಂದಳು, ‘ಎಲ್ಲರಿಗೂ ಎರಡು ಕಾಲು ಬೇಕು. ನನಗೆ ಒಂದೇ ಸಾಕು. ಐ ಆ್ಯಮ್ ಮೋರ್ ಎಫಿಶಿಯಂಟ್!’

ಅಲ್ಲಿಗೇ ಪರೀಕ್ಷೆ ಮುಗಿಯಬೇಕಿತ್ತು. ಆದರೂ ಬೆಳಿಗ್ಗೆ ಐದಕ್ಕೆದ್ದು ಮಾಡಿದ ಸಾಂಬಾರಿಗೆ ಅನ್ಯಾಯವಾಗಬಾರದೆಂದು ಸರ್ದಾರ್ಜಿ ತಾವೇ ಕಾರು ತೆಗೆದು ನಮ್ಮನ್ನು ಒಂದು ಫ್ಲೈಓವರ್ ಹತ್ತಿಸಿ ಇಳಿಸಿದರು. ಒಂದು ಹನಿ ತುಳುಕಲಿಲ್ಲ. ವಾಪಸು ಬಂದು, ತಮ್ಮ ಡಬ್ಬಿಯ ರೋಟಿ ಬಿಚ್ಚಿ, ‘ಪಾಸಾದ ಸಾಂಭರ್ ವಾಪಸು ಒಯ್ಯಬಾರದು’ ಎಂದು ಅದರಲ್ಲೇ ಅದ್ದಿ ತಿಂದರು. ರೋಟಿಗೆ ಸಾಂಬಾರು! ನಲವತ್ತು ವರ್ಷ ಹೋಟೆಲಿನಲ್ಲಿ ಅಂಥವರನ್ನು ನೋಡಿ ಒಳಗೊಳಗೇ ನಕ್ಕವನು ನಾನು. ಅವತ್ತು ಮಾತ್ರ ಇನ್ನೊಂದು ಸೌಟು ಬಡಿಸಿದೆ. ಆ ದೇವರಂಥ ಮನುಷ್ಯ ಎಲ್ಲಿದ್ದರೂ ಚೆನ್ನಾಗಿರಲಿ.

ಬದನೆಕಾಯಿ ಮನೆಗೆ ಬಂತು. ಜಲಜಾ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು ಆರತಿ ಎತ್ತಿದಳು. ಡಾಕ್ಟರ ಸರ್ಟಿಫಿಕೇಟು, ಪರೀಕ್ಷೆ ಎಲ್ಲ ಮುಗಿದು ಲೈಸೆನ್ಸ್ ಬರುವವರೆಗೆ ಮುನಿರ್ಕಾದ ಗೆಳತಿಯನ್ನು ಅನು ಇನ್ನೊಂದು ತಿಂಗಳು, ಮತ್ತೊಂದು ತಿಂಗಳು ಎಂದು ತಡೆದಿಟ್ಟಳು. ಅವಳು ಮಾಸ್ತರ ಜೊತೆ ಕಲಿಯುವಾಗ ನಾನು ಹಿಂದಿನ ಸೀಟಿನಲ್ಲಿ ಪಾತ್ರೆ ಸಮೇತ ಕೂರುತ್ತಿದ್ದೆ. ಮೊದಲ ವಾರ ನೀರು ತುಂಬಿಕೊಂಡು, ಆಮೇಲೆ ಮಜ್ಜಿಗೆ, ಮೂರನೆಯ ವಾರ ಸಾಂಬಾರಿಗೆ ಬಡ್ತಿ. ಆದರೆ ದಿಲ್ಲಿಯ ನಿಜವಾದ ರಸ್ತೆಯಲ್ಲಿ, ಆಫೀಸು ಬಿಡುವ ಹೊತ್ತಿನಲ್ಲಿ, ಒಬ್ಬಳೇ ಬರುವುದು ಬೇರೆಯೇ ಮಾತು. ನಿನ್ನೆ ಬೆಳಿಗ್ಗೆ ಹೊರಡುವಾಗ ಅವಳೇ ಹೇಳಿದಳು, ‘ಇವತ್ತು ಒಬ್ಬಳೇ ಹೋಗಿ ಬರ್ತೀನಿ. ಸರಿಯಾಗಿ ಬಂದು ಮುಟ್ಟಿದ್ರೆ ಮುನಿರ್ಕಾ ಕ್ಯಾನ್ಸಲ್. ಹೆದರಿಕೆಯಾಗಿ ನಡುವೆ ಎಲ್ಲಾದ್ರೂ ನಿಲ್ಲಿಸಿಬಿಟ್ರೆ, ಮುನಿರ್ಕಾಕ್ಕೆ ಹೋಗ್ತೀನಿ, ನೀವು ಯಾರೂ ನನ್ನ ತಡೀಬಾರದು, ಮಂಜೂರ್? ಮತ್ತೆ ಡ್ರೈವ್ ಮಾಡುವಾಗ ಫೋನ್ ಎತ್ತಲ್ಲ.’

ಏಳು ಗಂಟೆಗೆ ಬರಬೇಕು. ನಾನು ಆರಕ್ಕೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗೇಟಿಗೆ ಹೋಗಿ ನಿಂತೆ. ಏಳಾಯಿತು. ಏಳೂವರೆಯಾಯಿತು. ಫೋನು ಬಡಿದುಕೊಳ್ಳುತ್ತದೆ, ಎತ್ತುವವರಿಲ್ಲ. ಕಾವಲುಗಾರ ತನ್ನ ಸ್ಟೂಲು ಕೊಟ್ಟ, ಚಹಾ ಕೊಟ್ಟ. ‘ಸೇತುವೆಯ ಮೇಲೆ ಜಾಮ್ ಇರುತ್ತದೆ ಬಾಬೂಜೀ’ ಎಂದ. ನನ್ನ ಕಣ್ಣಿಗೆ ಮುನಿರ್ಕಾದ ಮೆಟ್ಟಿಲುಗಳು ಒಂದೊಂದೇ ಕಾಣತೊಡಗಿದವು. ಎಂಟು ಗಂಟೆಗೆ ಒಂದು ಹೆಡ್‌ಲೈಟು ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿತು. ನೇರಳೆ ಬಣ್ಣ. ಗಾಜು ಇಳಿಯಿತು.

‘ಅಜ್ಜಾ! ಗಾಜೀಪುರದ ಹತ್ರ ಬಾರಾತ್! ಕುದುರೆ, ಬ್ಯಾಂಡು, ಮದುಮಗನ ಚಾಚಾ ರೋಡಲ್ಲೇ ಡ್ಯಾನ್ಸು! ನಲವತ್ತು ನಿಮಿಷ ಕುದುರೆ ಹಿಂದೆ! ಅಕ್ಕಪಕ್ಕದ ಅಂಕಲ್‌ಗಳೆಲ್ಲ ಕ್ಲಚ್ ತುಳಿದು ತುಳಿದು ಎಡಗಾಲು ಒತ್ಕೊಳ್ತಿದ್ರು. ಎಲ್ಲರದೂ ನೋಯ್ತಿತ್ತು, ನನ್ನದು ಮಜೇ ಸೇ ಕೂತಿತ್ತು!’

ಕಾವಲುಗಾರ ಸೆಲ್ಯೂಟ್ ಹೊಡೆದ. ಅಷ್ಟರಲ್ಲಿ ಹಿಂದಿನಿಂದ ಸುರೇಶನ ಕಾರು ಬಂತು. ನೋಯ್ಡಾ ಕಡೆಯೂ ಮದುವೆಗಳೇ. ಅವನು ಇಳಿದು ಎಡಗಾಲು ಎಳೆಯುತ್ತಾ ಕುಂಟುತ್ತಾ ನಮ್ಮ ಕಡೆ ಬಂದ. ಅನು ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿ, ‘ಪಾಪಾ, ನನ್ನ ಕೋಲು ಬೇಕಾ?’ ಎಂದಳು. ಸುರೇಶ ನಗಲು ಹೊರಟು ಅತ್ತುಬಿಟ್ಟ. ಆಮೇಲೆ ನಿಜವಾಗಿಯೂ ಅವಳ ಕೋಲು ತೆಗೆದುಕೊಂಡು ಊರುತ್ತಾ ನಡೆದ, ಅವಳು ಅವನ ಹೆಗಲು ಹಿಡಿದು ನಡೆದಳು. ನಾನು ಹಿಂದೆ.

ಮನೆಯಲ್ಲಿ ಶೈಲಾ ಐದು ತಟ್ಟೆ ಇಟ್ಟಾಗಿತ್ತು. ಅನು ಮೇಜಿನಿಂದಲೇ ಮುನಿರ್ಕಾಕ್ಕೆ ಫೋನ್ ಮಾಡಿ, ‘ಯಾರ್, ಬೆಡ್ ಕಿಸೀ ಔರ್ ಕೋ ದೇ ದೇ’ ಎಂದು ಒಂದೇ ಮಾತಿನಲ್ಲಿ ಆ ಬೆಡ್ ಬೇರೆಯವರಿಗೆ ಬಿಟ್ಟುಕೊಟ್ಟು, ನನ್ನ ಹಪ್ಪಳಕ್ಕೆ ಕೈ ಹಾಕಿದಳು. ಎಲ್ಲರೂ ಕೂತರು. ನಾನು ಅಭ್ಯಾಸಬಲದಿಂದ ಸೌಟು ಹಿಡಿದು ನಿಂತೆ. ‘ನೀವೂ ಕೂತ್ಕೊಳ್ಳಿ ಮಾವ’ ಎಂದಳು ಶೈಲಾ. ‘ಅನುವಿಗೆ ಒಂದು ಬಡಿಸಿ ಕೂರ್ತೇನೆ’ ಎಂದೆ. ಕಂಠದವರೆಗೆ ತುಂಬಿದ ಸೌಟು ಎತ್ತಿದೆ. ತಟ್ಟೆ ನೋಡಬೇಕಿದ್ದವನು ಅವಳ ಮುಖ ನೋಡಿದೆ. ಸಾಂಬಾರು ಅಷ್ಟೂ ಮೇಜಿನ ಬಟ್ಟೆಯ ಮೇಲೆ, ನನ್ನ ಬಿಳಿ ಅಂಗಿಯ ಮೇಲೆ!

‘ಅಜ್ಜ ಫೇಲ್!’ ಎಂದು ಅನು ಚಪ್ಪಾಳೆ ತಟ್ಟಿದಳು. ‘ಊರಿನ ಡ್ರೈವರುಗಳನ್ನೆಲ್ಲ ಮನೆಗೆ ಕಳಿಸಿದವರು ಇವರೇ ಅಂತೆ’ ಎಂದಳು ಜಲಜಾ. ಒರೆಸುವ ಬಟ್ಟೆ ತರಲು ಹೊರಟೆ. ಅವಳು ನನ್ನ ತೋಳು ಹಿಡಿದು ಕುರ್ಚಿಗೆ ಕೂರಿಸಿ, ‘ಊಟದ ನಡುವೆ ಓಡಾಡುವುದು ಹೋಟೆಲಿನಲ್ಲಿ. ಇದು ಮನೆ’ ಎಂದಳು. ಕೂತೆ. ಚೆಲ್ಲಿದ್ದು ಐದು ತಟ್ಟೆಗಳ ನಡುವೆ ಹಾಗೇ ಇತ್ತು. ಅದರ ಸುತ್ತಲೇ ನಾವೈದು ಜನ ಉಂಡೆವು.